ಶಾಲೆಯ ಕಸ ಮತ್ತು ಬೀದರಿನ ನೆಲ

ಬೀದರ ನಗರದಲ್ಲಾಗಲಿ, ಭಾಲ್ಕಿ ಔರಾದಗಳಲ್ಲಾಗಲಿ, ಪ್ರೌಢಶಾಲೆಯ ಮೊಗಸಾಲೆಯಲ್ಲಿ ಹಸುರು ಬುಟ್ಟಿಯೊಂದು, ನೀಲಿ ಬುಟ್ಟಿಯೊಂದು ನಿಂತಿರುವುದನ್ನು ಈಗ ಕಾಣಬಹುದು. ಹಸಿ ಕಸ ಒಂದಕ್ಕೆ, ಒಣ ಕಸ ಇನ್ನೊಂದಕ್ಕೆ. ಬುಟ್ಟಿಗಳನ್ನು ಇಟ್ಟುದು ಒಳ್ಳೆಯದೇ. ಆದರೆ ಬೆಳಗ್ಗೆ ಬೇರ್ಪಡಿಸಿದುದು ಸಂಜೆ ಹಿತ್ತಿಲ ಗೋಡೆಯ ಮಗ್ಗುಲಲ್ಲಿ ಒಂದೇ ಬೆಂಕಿಗೆ ಬೀಳುವುದಾದರೆ, ಬಣ್ಣಗಳಿಂದ ಏನು ಸಾಧಿಸಿದಂತಾಯಿತು? ಸುಡುವುದೇ ಶುಚಿತ್ವವೆಂಬ ನಂಬಿಕೆ ಮೊದಲು ಹೋಗತಕ್ಕದ್ದೆಂದು ನನ್ನ ಅಭಿಪ್ರಾಯ.

ಬೆಂಕಿಯಿಂದ ದ್ರವ್ಯವು ನಾಶವಾಗುವುದಿಲ್ಲವೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ಹೇಳಬೇಕಾದುದಿಲ್ಲ. ಅದು ರೂಪವನ್ನು ಬದಲಾಯಿಸುತ್ತದೆ, ಅಷ್ಟೆ. ಗಾಳಿ ಸಾಲದೆ ಕಮರುತ್ತ ಉರಿಯುವ ರಾಶಿಯಲ್ಲಿ ದಹನವು ಪೂರ್ಣವಾಗದು. ಕಾರ್ಬನ್ ಮಾನಾಕ್ಸೈಡು, ಮಸಿ, ಮತ್ತು ಪಿ.ವಿ.ಸಿ. ತುಂಡುಗಳಿದ್ದಲ್ಲಿ ಡಯಾಕ್ಸಿನ್‌ಗಳೂ ಹುಟ್ಟುತ್ತವೆ. ಹೊಗೆಯ ಕಣಗಳಲ್ಲಿ ಬಹುಪಾಲು 2.5 ಮೈಕ್ರಾನಿಗಿಂತ ಸಣ್ಣವು. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಬೀದರಿನ ಚಳಿಯಂತೂ ನಾಡಿನಲ್ಲೆಲ್ಲ ಹೆಸರಾದದ್ದು. ಸೂರ್ಯ ಮುಳುಗಿದ ಮೇಲೆ ನೆಲವು ತನ್ನ ಉಷ್ಣವನ್ನು ವಿಕಿರಣದಿಂದ ಕಳೆದುಕೊಳ್ಳುತ್ತದೆ. ಅದಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ತಣ್ಣಗಾಗಿ, ಭಾರವಾಗಿ, ಅಲ್ಲಿಯೇ ಮಲಗುತ್ತದೆ. ಹೊಗೆಯೂ ಅದರೊಡನೆ ಮಲಗುತ್ತದೆ. ಮೈದಾನದಲ್ಲಿ ಆಡುವ ಹುಡುಗರೂ, ಕಸಕ್ಕೆ ಕಡ್ಡಿ ಗೀರಿದ ಆಯಾಳೂ ಉಸಿರಾಡುವುದು ಅದನ್ನೇ. ಬಯಲಿನಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ನಿಷೇಧಿಸಿದುವು. ಆ ನಿಷೇಧವನ್ನು ಅಚ್ಚು ಮಾಡಿದ ಕಾಗದವೂ ಎಷ್ಟೋ ಕಡೆ ಬೆಂಕಿಗೇ ಹೋಗಿರಬೇಕು!

ಹಾಗಾದರೆ ಮಾಡತಕ್ಕದ್ದೇನು? ಮೊದಲು ಲೆಕ್ಕ. ಅಕ್ಷರ ದಾಸೋಹದ ಬಿಸಿಯೂಟವು 2002ರಲ್ಲಿ ಮೊದಲಾದುದು ಬೀದರೂ ಸೇರಿದಂತೆ ಉತ್ತರಭಾಗದ ಕೆಲವು ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಿಂದ ಇಲ್ಲಿಯ ಮಕ್ಕಳಿಗೆ ಮೊಟ್ಟೆ ಅಥವಾ ಬಾಳೆಹಣ್ಣು ದೊರೆಯತೊಡಗಿತು. ಮುಂದೆ ಅದು ಪ್ರೌಢಶಾಲೆಗೂ ಬಂದಿತು. ಮುನ್ನೂರು ಮಕ್ಕಳ ಶಾಲೆಯೊಂದರಲ್ಲಿ ಇನ್ನೂರು ಮಂದಿ ಮೊಟ್ಟೆಯನ್ನೂ ನೂರು ಮಂದಿ ಹಣ್ಣನ್ನೂ ತಿಂದರೆಂದಿಟ್ಟುಕೊಳ್ಳೋಣ. ಚಿಪ್ಪಿನ ತೂಕ ಐದಾರು ಗ್ರಾಂ, ಸಿಪ್ಪೆಯದು ಸುಮಾರು ನಲ್ವತ್ತು ಗ್ರಾಂ. ಒಂದೇ ದಿನಕ್ಕೆ ಕಿಲೋಗ್ರಾಮಿಗೆ ಮಿಕ್ಕ ಚಿಪ್ಪು, ನಾಲ್ಕು ಕಿಲೋಗ್ರಾಂ ಸಿಪ್ಪೆ! ತಟ್ಟೆಯಲ್ಲಿ ಉಳಿದ ಅನ್ನ ಸಾರು ಬೇರೆ. ಇದು ಕಸವಲ್ಲ, ಗೊಬ್ಬರದ ಮೂಲದ್ರವ್ಯ.

ಇಲ್ಲಿ ಕೆಲವು ಶಾಲೆಗಳು ಉತ್ಸಾಹದಿಂದ ಬಕೆಟ್ಟಿನಲ್ಲಿ ಗೊಬ್ಬರ ಮಾಡಹೊರಟು, ನಾತ ತಾಳಲಾರದೆ ಕೈಬಿಡುತ್ತವೆ. ಕಾರಣವು ರೇಖಾಗಣಿತದ್ದು. ಕೊಳೆಯುವ ರಾಶಿಯು ಸೂಕ್ಷ್ಮಜೀವಿಗಳ ಉಸಿರಾಟದಿಂದ ಬಿಸಿಯಾಗುತ್ತದೆ. 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿದರೆ ರೋಗಾಣುಗಳೂ ಕಳೆಯ ಬೀಜಗಳೂ ಸಾಯುತ್ತವೆ. ಉಷ್ಣವು ಹುಟ್ಟುವುದು ಘನಗಾತ್ರದಲ್ಲಿ, ಹೊರಹೋಗುವುದು ಮೇಲ್ಮೈಯಿಂದ. ಒಂದು ಮೀಟರ್ ಅಂಚಿನ ಘನಾಕೃತಿಯಲ್ಲಿ ಪ್ರತಿ ಘನಮೀಟರಿಗೆ 6 ಚದರಮೀಟರ್ ಮೇಲ್ಮೈ. ಕಾಲು ಮೀಟರಿನದರಲ್ಲಿ 24. ಬಕೆಟ್ಟು ಹುಟ್ಟಿದ ಶಾಖವನ್ನು ಹುಟ್ಟಿದಲ್ಲೇ ಕಳೆದುಕೊಳ್ಳುತ್ತದೆ. ನಮ್ಮ ರೈತರ ತಿಪ್ಪೆ ದೊಡ್ಡದಾಗಿರುವುದು ಸುಮ್ಮನಲ್ಲ. ಜೊತೆಗೆ ಹಸಿ ಕಸದ ಸಾರಜನಕಕ್ಕೆ ಸಮನಾಗಿ ಇಂಗಾಲವೂ ಬೇಕು, ಸುಮಾರು 1ಕ್ಕೆ 30ರಂತೆ. ತೊಗರಿಕಟ್ಟಿಗೆಯ ಪುಡಿ, ಸೋಯಾ ಹೊಟ್ಟು, ಒಣಗಿದ ಎಲೆ: ಭಾಲ್ಕಿ ಔರಾದಗಳಲ್ಲಿ ಇವಕ್ಕೆ ಕೊರತೆಯೇ?

ಗೊಬ್ಬರ ಮಾಡುವ ಪ್ರಸಿದ್ಧ ವಿಧಾನಗಳು ಎರಡು. ಆಲ್ಬರ್ಟ್ ಹೊವಾರ್ಡರ ಇಂದೂರು ಪದ್ಧತಿಯಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಿ ನೀರು ಚಿಮುಕಿಸುತ್ತಿರಬೇಕು. 1939ರ ಸುಮಾರಿಗೆ ಸಿ. ಎನ್. ಆಚಾರ್ಯರು ರೂಪಿಸಿದ ಬೆಂಗಳೂರು ಪದ್ಧತಿಯಲ್ಲಾದರೋ, ಮೂರಡಿ ಆಳದ ಕಂದಕದಲ್ಲಿ ಪದರ ಪದರವಾಗಿ ತುಂಬಿ ಮಣ್ಣು ಮುಚ್ಚಿದರೆ ಸಾಕು; ಪಕ್ವವಾಗಲು ಆರರಿಂದ ಎಂಟು ತಿಂಗಳು ಹಿಡಿಯುತ್ತದೆ. ನೀರಿಗೆ ಬಡತನವಿರುವ ಸೀಮೆಗೆ ಎರಡನೆಯದೇ ಲೇಸು. ಆದರೆ ಮೂರು ಊರಿಗೂ ಒಂದೇ ಸುತ್ತೋಲೆ ಹೊರಡಿಸುವುದನ್ನು ನಾನು ಒಪ್ಪೆನು. ಬೀದರ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅದು ರಂಧ್ರಮಯ ಶಿಲೆ. ಆದುದರಿಂದಲೇ ನೌಬಾದಿನ ಪುರಾತನ ಕರೇಜಿಗೆ, ಅಂದರೆ ಸುರಂಗ ಕಾಲುವೆಗೆ, ಅಂತರ್ಜಲ ಜಿನುಗುವುದು. ಮೇಲೆ ಸುರಿದ ಕೊಳೆಯ ರಸವೂ ಅದೇ ದಾರಿ ಹಿಡಿಯಬಲ್ಲುದು. ಅಲ್ಲಿ ಗುಂಡಿಯ ತಳಕ್ಕೆ ಜೇಡಿಮಣ್ಣು ಮೆತ್ತಿ, ಬಾವಿಯಿಂದ ದೂರದಲ್ಲಿ ತೋಡಬೇಕು. ಔರಾದಿನ ಕಡೆಯ ಎರೆಮಣ್ಣು ಇದಕ್ಕೆ ತದ್ವಿರುದ್ಧ: ಮಳೆಗಾಲದಲ್ಲಿ ನೀರು ಇಂಗದೆ ಗುಂಡಿ ಕೆರೆಯಾದೀತು. ಅಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ನೆಲದ ಮೇಲೆಯೇ ರಾಶಿ ಹಾಕಿ, ಮೇಲೊಂದು ಮಾಡು ಇಳಿಸುವುದು ಕ್ಷೇಮ. ಮೊಟ್ಟೆಯ ಚಿಪ್ಪಿನ ವಿಷಯವೂ ಹಾಗೆಯೇ. ಅದು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟು. ಕುಟ್ಟಿ ಪುಡಿಮಾಡಿದರೆ ಹುಳಿಯಾದ ಕೆಂಪುನೆಲಕ್ಕೆ ಹಿತ, ಸುಣ್ಣದ ಹರಳುಗಳೇ ತುಂಬಿದ ಎರೆನೆಲಕ್ಕೆ ಅನಾವಶ್ಯಕ.

ಒಣ ಕಸದಲ್ಲಿ ಕಾಗದಕ್ಕೆ ಗಿರಾಕಿಯುಂಟು. ಆದರೂ ನಾರು ಪ್ರತಿ ಸಲ ಗಿಡ್ಡವಾಗುವುದರಿಂದ ಐದಾರು ಸಲಕ್ಕಿಂತ ಹೆಚ್ಚು ಅದು ಮರುಹುಟ್ಟು ಪಡೆಯಲಾರದು. ಹಳೆಯ ಸೀರೆಯಿಂದ ಕೌದಿ ಹೊಲಿಯುವ ನಮ್ಮ ಅಜ್ಜಿಯರೂ ಕೊನೆಗೆ ಸೋಲುವುದು ಇದೇ ಕಾರಣಕ್ಕೆ. ಥಳಥಳಿಸುವ ತಿಂಡಿಯ ಪೊಟ್ಟಣವಾದರೋ ಮೊದಲ ಸಲವೇ ಸೋಲಿಸುತ್ತದೆ. ಪ್ಲಾಸ್ಟಿಕ್ಕಿನ ಹಾಳೆಗೆ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದ ಮೂರು ನಾಲ್ಕು ಪಟ್ಟು ದಪ್ಪದ ಅಲ್ಯೂಮಿನಿಯಂ ಲೇಪ. ಬಿಡಿಸಿ ತೆಗೆಯುವ ಖರ್ಚು ಸಿಕ್ಕುವ ಲೋಹಕ್ಕಿಂತ ಎಷ್ಟೋ ಹೆಚ್ಚು. ಇದನ್ನು ಯಾವ ಬುಟ್ಟಿಗೆ ಹಾಕಬೇಕೆಂಬ ಚರ್ಚೆ ವ್ಯರ್ಥ. ಶಾಲೆಯ ಬಾಗಿಲಲ್ಲೇ ತಡೆಯಬೇಕು. ಉಪಾಧ್ಯಾಯರ ಕೊಠಡಿಗೂ ಈ ತಡೆ ಸಲ್ಲಬೇಕು.

ಗುಂಡಿಯ ಉಸ್ತುವಾರಿಯನ್ನು ಆಯಾಳೊಬ್ಬಳ ತಲೆಗೆ ಕಟ್ಟದೆ ಹತ್ತನೆಯ ತರಗತಿಯ ಪ್ರಯೋಗವನ್ನಾಗಿ ಮಾಡಬಹುದು. ಉದ್ದನೆಯ ಉಷ್ಣಮಾಪಕವೊಂದನ್ನು ರಾಶಿಯ ನಡುವೆ ಇಳಿಸಿ, ದಿನವೂ ಒಂದೇ ವೇಳೆಗೆ ಉಷ್ಣಮಾನವನ್ನು ಬರೆದು ನಕ್ಷೆ ಎಳೆಯಿರಿ. ರೇಖೆಯು ಬೇಗನೆ ಇಳಿದರೆ ಒಂದು ಹಿಡಿ ಕಸವನ್ನು ತೆಗೆದು ಹಿಂಡಿ ನೋಡಿ: ಪುಡಿಯಾಗಿ ಉದುರಿದರೆ ನೀರು ಸಾಲದು, ಬೆರಳುಗಳ ಸಂದಿನಲ್ಲಿ ಸುರಿದರೆ ಒಣಹೊಟ್ಟು ಸಾಲದು.