ಕೊಳವೆಬಾವಿಯ ನೀರಿಗೆ ಹೊಣೆಗಾರರು ಯಾರು?

ಸುರಪುರ ತಾಲ್ಲೂಕಿನ ಮಂಗಳೂರು ಕರಾವಳಿಯ ಮಂಗಳೂರಲ್ಲ. ಹಿಂದೆ ಚಿನ್ನದ ಗಣಿಯಿದ್ದ ಊರು. ಆ ಶಿಲಾಪಟ್ಟಿಯ ಕಿರದಳ್ಳಿ ತಾಂಡಾದ ಜನರನ್ನೂ ನೀರನ್ನೂ ಪರೀಕ್ಷಿಸಿದ ವಿಜ್ಞಾನಿಗಳ ವರದಿಯೊಂದು 2013ರಲ್ಲಿ ಪ್ರಕಟವಾಯಿತು. ಕೊಳವೆಬಾವಿಗಳಿಂದ ತೆಗೆದ 59 ಮಾದರಿಗಳ ಪೈಕಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಧಾತುವು ಲೀಟರಿಗೆ 10 ಮೈಕ್ರೋಗ್ರಾಮುಗಳ ಮಿತಿಯನ್ನು ಮೀರಿತ್ತು; ಒಂದರಲ್ಲಂತೂ 303ನ್ನು ಮುಟ್ಟಿತ್ತು. ತಪಾಸಣೆಗೆ ಒಳಗಾದ 181 ಮಂದಿಯಲ್ಲಿ ನೂರಕ್ಕೆ 58.6ರಷ್ಟು ಜನರ ಚರ್ಮದ ಮೇಲೆ ಆ ವಿಷದ ಗುರುತುಗಳಿದ್ದವು.

ಶಂಖಪಾಷಾಣದ ಮೂಲಧಾತುವೇ ಆರ್ಸೆನಿಕ್. ನೀರಿನಲ್ಲಿ ಕರಗಿದಾಗ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಉಳಿದುದರಲ್ಲಿ ಸಾಂದ್ರವಾಗುತ್ತದೆ. ವರ್ಷಗಟ್ಟಲೆ ಕುಡಿದವರ ಅಂಗೈ ಅಂಗಾಲುಗಳು ದಪ್ಪಗಾಗಿ ಗಂಟುಗಟ್ಟುತ್ತವೆ, ಮೈಮೇಲೆ ಮಚ್ಚೆಗಳೇಳುತ್ತವೆ. ಮುಂದೆ ಕ್ಯಾನ್ಸರಿನ ಭಯವೂ ಉಂಟು. ಇದು ಅಂಟುರೋಗವಲ್ಲ.

ಆದುದರಿಂದ ಇಂತಹ ಹಳ್ಳಿಗರಿಗೆ ‘ಎಚ್ಚರಿಕೆಯಿಂದ ನೀರು ಕುಡಿಯಿರಿ’ ಎಂದು ಬೋಧಿಸುವುದು ಹಾಸ್ಯಾಸ್ಪದವೆಂದೇ ನಮ್ಮ ಭಾವನೆ. ಕಣ್ಣು ನಾಲಗೆಗಳಿಗೆ ಗೋಚರಿಸದ ವಿಷವನ್ನು ಕಂಡುಹಿಡಿಯಬೇಕಾದವು ಸಂಸ್ಥೆಗಳು. ಚಿನ್ನದ ಅದಿರಿನ ಜೊತೆಗೆ ಆರ್ಸೆನಿಕ್ ಖನಿಜವಿರುವುದು ಸಾಮಾನ್ಯವೆಂಬುದನ್ನು ಭೂವಿಜ್ಞಾನಿಗಳು ಬಲ್ಲರು. ಬಾವಿ ಕೊರೆಯಿಸುವವರು ಬೇರೆ. ಚರ್ಮರೋಗಕ್ಕೆ ಮುಲಾಮು ಕೊಡುವವರು ಇನ್ನೂ ಬೇರೆ. ಈ ಮೂವರ ತಿಳಿವಳಿಕೆಯನ್ನು ಒಂದೆಡೆ ಕೂಡಿಸುವುದು ಯಾರ ಕರ್ತವ್ಯ? 1983ರಲ್ಲಿ ಕಲ್ಕತ್ತೆಯ ವೈದ್ಯ ಕೆ. ಸಿ. ಸಾಹಾ ಅವರು ಚರ್ಮರೋಗಿಗಳ ವ್ಯಾಧಿಮೂಲವನ್ನು ಬಂಗಾಳದ ಕೊಳವೆಬಾವಿಗಳಲ್ಲಿ ಗುರುತಿಸಿದ್ದರು. ಕಿರದಳ್ಳಿಯ ವರದಿಗೂ ಅದಕ್ಕೂ ಮೂವತ್ತು ವರ್ಷಗಳ ಅಂತರ!

ಹಣವಿಲ್ಲ, ಜನವಿಲ್ಲ ಎಂಬ ಸಮಾಧಾನವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಇದೇ ದೇಶ ನಾರುಹುಣ್ಣನ್ನು ನಿರ್ಮೂಲಗೊಳಿಸಿತು. ಕಾಲಿನಿಂದ ಹುಳು ಹೊರಬರುತ್ತಿರುವ ರೋಗಿಯು ಮೆಟ್ಟಿಲುಬಾವಿಗೆ ಇಳಿದರೆ ಮರಿಗಳು ನೀರನ್ನು ಸೇರಿ, ಸೂಕ್ಷ್ಮವಾದ ಜಲಕೀಟಗಳ ಮೂಲಕ ಇನ್ನೊಬ್ಬರ ಹೊಟ್ಟೆಯನ್ನು ಹೊಗುತ್ತಿದ್ದವು. ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳನ್ನು ಬಾಧಿಸುತ್ತಿದ್ದ ಈ ರೋಗಕ್ಕೆ ಲಸಿಕೆಯೂ ಇರಲಿಲ್ಲ, ಔಷಧವೂ ಇರಲಿಲ್ಲ. 1983-84ರಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ಮನೆಮನೆ ಹುಡುಕಿದರು, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿದರು. 1996ರಲ್ಲಿ ಕೊನೆಯ ರೋಗಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ. ಅಲ್ಲಿ ಆರೋಗ್ಯದವರೂ ನೀರು ಸರಬರಾಜಿನವರೂ ಒಂದೇ ಪಟ್ಟಿಯನ್ನು ಮುಂದಿಟ್ಟುಕೊಂಡು ದುಡಿದರು. ನಾಯಕತ್ವವೆಂದರೆ ನಮಗೆ ವೇದಿಕೆಯ ಭಾಷಣವಲ್ಲ, ಆ ಪಟ್ಟಿ.

ಯಾದಗಿರಿ, ಶಹಾಪುರ, ಸುರಪುರಗಳು ಕಲಬುರಗಿಯಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದುದರಿಂದ ಕಚೇರಿಗಳೇನೋ ಹತ್ತಿರ ಬಂದವು. ಪ್ರತಿಯೊಂದು ಬಾವಿಯ ಬಳಿಯೂ ಪರೀಕ್ಷೆಯ ಫಲಿತಾಂಶ, ತಾರೀಖು, ಹೊಣೆ ಹೊತ್ತ ಅಧಿಕಾರಿಯ ಹುದ್ದೆ ಇವನ್ನು ಕನ್ನಡದಲ್ಲಿ ಬರೆಯಿಸುವುದು ಕಷ್ಟವೇ? ವೈದ್ಯರು ಶಂಕಿಸಿ ಬರೆದ ಪತ್ರಕ್ಕೆ ನೀರಿನ ಇಲಾಖೆ ಲಿಖಿತ ಉತ್ತರ ಕೊಡುವ ನಿಯಮವೂ ಬೇಕು. ಬಾವಿಯನ್ನು ಮುಚ್ಚಿದ ಮಾತ್ರಕ್ಕೆ ಕೆಲಸ ಮುಗಿಯದು. ಬಾಲ್ಯದಲ್ಲಿ ಆ ನೀರನ್ನು ಕುಡಿದವರಲ್ಲಿ ಕ್ಯಾನ್ಸರು ಹಲವು ದಶಕಗಳ ಬಳಿಕ ತಲೆಯೆತ್ತಬಹುದು. ಅಷ್ಟು ಕಾಲ ಅವರ ಹೆಸರುಗಳನ್ನು ಕಾಯ್ದಿರಿಸಿ, ವರ್ಷಕ್ಕೊಮ್ಮೆ ಕರೆದು ಪರೀಕ್ಷಿಸುವ ಕಚೇರಿ ಯಾವುದೆಂಬುದನ್ನು ಸರಕಾರ ಈಗಲೇ ಗೊತ್ತುಮಾಡಬೇಕು.