ಟ್ಯಾಪೆಟ್ ಟೈಟ್ ಮಾಡ್ತಾರಂತೆ!

ಬುಲೆಟ್ ಟಕ ಟಕ ಅಂದ ಕೂಡಲೇ "ಟ್ಯಾಪೆಟ್ ಟೈಟ್ ಮಾಡ್ಬೇಕು ಸಾರ್" ಅನ್ನೋ ಮೆಕ್ಯಾನಿಕ್‌ಗಳನ್ನ ಕಂಡ್ರೆ ನಂಗೆ ಮೈಯೆಲ್ಲ ಉರಿಯುತ್ತೆ. ಏನನ್ನ ಟೈಟ್ ಮಾಡ್ತೀರಿ ಸ್ವಾಮಿ? ಹಳೇ ಕಾಸ್ಟ್ ಐರನ್ ಬುಲೆಟ್‌ನಲ್ಲಾದ್ರೆ ಸರಿ, ಪುಶ್‌ರಾಡ್ ಕೆಳಗೆ ತಿರುಗಿಸೋ ನಟ್ ಇತ್ತು. 2009ರಲ್ಲಿ ಬಂದ ಕ್ಲಾಸಿಕ್ 500ರ ಯುಸಿಇ ಇಂಜಿನ್‌ನಲ್ಲಿರೋದು ಹೈಡ್ರಾಲಿಕ್ ಲಿಫ್ಟರ್. ಅಲ್ಲಿ ಸಂದು ತುಂಬೋದು ಆಯಿಲ್ ಒತ್ತಡ. ಸ್ಪ್ಯಾನರ್‌ಗೆ ಕೆಲಸವೇ ಇಲ್ಲ.

ಇನ್ನು ಕೆಲವರು ಕಿವಿಗೊಟ್ಟೂ ಕೇಳದೆ "ಲಿಫ್ಟರ್ ಹೋಗಿದೆ" ಅಂತ ಬಿಲ್ ಬರೆಯೋಕೆ ಕೂರ್ತಾರೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನಾಲ್ಕೈದು ಸೆಕೆಂಡ್ ಸದ್ದು ಮಾಡಿ ಸುಮ್ಮನಾದ್ರೆ ಅದು ರೋಗವೇ ಅಲ್ಲ. ರಾತ್ರಿ ಇಳಿದ ಆಯಿಲ್ ಮತ್ತೆ ತುಂಬಿಕೊಳ್ತಿದೆ, ಅಷ್ಟೇ. ಬಿಸಿಯಾದ ಮೇಲೂ ನಿಲ್ಲದಿದ್ರೆ ಮೊದಲು ಗಾಜಿನ ಕಿಂಡಿಯಲ್ಲಿ ಆಯಿಲ್ ಮಟ್ಟ ನೋಡಿ. ಕಡಿಮೆ ಇದ್ರೂ ಕಷ್ಟ, ಜಾಸ್ತಿ ಇದ್ರೂ ನೊರೆ ಎದ್ದು ಲಿಫ್ಟರ್‌ಗೆ ಗಾಳಿ ಸೇರುತ್ತೆ. ಆಮೇಲೆ ಆಯಿಲ್ ಗ್ರೇಡ್, ಫಿಲ್ಟರ್. ಉದ್ದ ಸ್ಕ್ರೂಡ್ರೈವರ್ ತುದಿಯನ್ನ ಇಂಜಿನ್‌ಗೆ ಒತ್ತಿ, ಹಿಡಿಯನ್ನ ಕಿವಿಗಿಟ್ಟು ಕೇಳಿ: ಸದ್ದು ಮೇಲೆ ರಾಕರ್ ಹತ್ತಿರವೋ, ಕೆಳಗೆ ಲಿಫ್ಟರ್ ಹತ್ತಿರವೋ? ಸೈಲೆನ್ಸರ್‌ನ ಬೆಂಡ್ ಪೈಪ್ ಹೆಡ್‌ಗೆ ಸೇರೋ ಜಾಗದಲ್ಲಿ ಹೊಗೆ ಸೋರಿದ್ರೂ ಇದೇ ಥರ ಟಿಕ್ ಟಿಕ್ (ಇದನ್ನಂತೂ ಒಬ್ಬರೂ ನೋಡಲ್ಲ!).

ಇಷ್ಟಾದ್ಮೇಲೂ ನಿಲ್ಲದಿದ್ರೆ ಲಿಫ್ಟರ್ ಬದಲಾಯಿಸಿ, ಬೇಡ ಅನ್ನಲ್ಲ. ಹೊಸದನ್ನ ಆಯಿಲ್‌ನಲ್ಲಿ ಮುಳುಗಿಸಿ ಗಾಳಿ ತೆಗೆದು ಹಾಕ್ತೀರಾ ಅಂತ ಮಾತ್ರ ಮೊದಲೇ ಕೇಳಿ. ದುಡ್ಡು ಕೊಡೋರು ನೀವು ಮಾರಾಯ್ರೆ...