ಊರ ಕೋಳಿಗೂ ಬೇಕು ಒಂದು ಶಿಬಿರ

ಮುಂಬಯಿಯ ತುಳು-ಕನ್ನಡಿಗರ ಸಂಘ-ಸಂಸ್ಥೆಗಳು ಹುಟ್ಟೂರಿನಲ್ಲಿ ಆರೋಗ್ಯ ತಪಾಸಣೆ, ಕಣ್ಣಿನ ಶಿಬಿರ, ಪುಸ್ತಕ ವಿತರಣೆಯಂಥ ಸೇವಾಕಾರ್ಯ ನಡೆಸುತ್ತಾ ಬಂದಿರುವುದು ಶ್ಲಾಘನೀಯ. ಆದರೆ ಊರಿನ ಮನೆಯಲ್ಲಿ ಉಳಿದಿರುವ ವೃದ್ಧ ತಾಯಂದಿರ ಕೈಖರ್ಚಿಗೆ ಆಧಾರವಾದ ಹಿತ್ತಲ ಕೋಳಿಗಳತ್ತ ಅಷ್ಟಾಗಿ ಗಮನ ಹರಿದಿಲ್ಲ. ಮೇ ರಜೆಯಲ್ಲಿ ಊರಿಗೆ ಹೋದವರಿಗೆ ಕೋರಿ ರೊಟ್ಟಿಗೆ ಊರ ಕೋಳಿಯೇ ಆಗಬೇಕು. ಅದೇ ಕೋಳಿಯ ಮುಖದ ತುಂಬ ಹುಣ್ಣು ಎದ್ದಿದೆ ಎಂದು ತಾಯಿ ಫೋನಿನಲ್ಲಿ ಹೇಳಿದರೆ, 'ಕೋಳಿಗೂ ಡಾಕ್ಟರಾ ಅಮ್ಮ?' ಎಂಬ ನಗು ಉತ್ತರವಾಗುತ್ತದೆ.

ಇದು ನಗುವ ವಿಷಯವಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ. ಹಿಂದಿನ 2012ರ ಗಣತಿಗಿಂತ ಇದು ಶೇ. 46ರಷ್ಟು ಹೆಚ್ಚು. ಇವುಗಳ ಆರೈಕೆ ಬಹುತೇಕ ಮನೆಯ ಹೆಂಗಸರದೇ.

ಚರ್ಮದ ಕಾಯಿಲೆ ಎಂದೊಡನೆ ಸೀಮೆಎಣ್ಣೆ, ವಾಹನದ ಹಳೆಯ ಆಯಿಲ್ ಹಚ್ಚುವವರಿದ್ದಾರೆ. ತೋಟದ ಕೀಟನಾಶಕ ಸಿಂಪಡಿಸುವವರೂ, ಮನುಷ್ಯರ ಮಾತ್ರೆ ಪುಡಿಮಾಡಿ ತಿನ್ನಿಸುವವರೂ ಇದ್ದಾರೆ. ಎಣ್ಣೆಯಿಂದ ಚರ್ಮ ಸುಡುತ್ತದೆ. ವಿಷದ ಅಂಶ ಮೊಟ್ಟೆಯ ಮೂಲಕ ಮೊಮ್ಮಕ್ಕಳ ಬಟ್ಟಲಿಗೇ ಬರಬಹುದು. ಆದ್ದರಿಂದ ಮೊದಲು ರೋಗ ಯಾವುದೆಂದು ಗುರುತಿಸಬೇಕು.

ಜುಟ್ಟು, ಕಣ್ಣಿನ ಸುತ್ತ, ಕೊಕ್ಕಿನ ಬುಡ ಹೀಗೆ ಗರಿಯಿಲ್ಲದ ಜಾಗದಲ್ಲಿ ಗುಳ್ಳೆ ಎದ್ದು ಕಪ್ಪು ಹಕ್ಕಳೆ ಕಟ್ಟಿದರೆ ಅದು ಹೆಚ್ಚಾಗಿ ಕೋಳಿ ಸಿಡುಬು. ಸೊಳ್ಳೆ ಹಾಗೂ ಗಾಯಗಳ ಮೂಲಕ ಹರಡುವ ಈ ವೈರಸ್ಸನ್ನು ಕೊಲ್ಲುವ ಔಷಧಿಯಿಲ್ಲ. ಕೋಳಿಯನ್ನು ಬೇರ್ಪಡಿಸಿ, ಹಕ್ಕಳೆ ಕೀಳದೆ ಪೊವಿಡೋನ್ ಅಯೋಡಿನ್ ಸವರಿ, ನೀರು-ಆಹಾರ ಒದಗಿಸಿದರೆ ಸಾಮಾನ್ಯವಾಗಿ ಮೂರ್ನಾಲ್ಕು ವಾರಗಳಲ್ಲಿ ವಾಸಿಯಾಗುತ್ತದೆ. ಬಾಯಿ-ಗಂಟಲಿನೊಳಗೆ ಹಳದಿ ಪೊರೆ ಕಟ್ಟಿ ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ಜೀವಕ್ಕೇ ಅಪಾಯ. ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಈ ಸಿಡುಬು ಮನುಷ್ಯರಿಗೆ ಅಂಟುವುದಿಲ್ಲ.

ಕಾಲಿನ ಹುರುಪೆಗಳು ಎದ್ದು, ಕಾಲು ದಪ್ಪಗಾಗಿ ಸುಣ್ಣ ಮೆತ್ತಿದಂತೆ ಕಂಡರೆ ಕಾರಣ ಬೇರೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹುರುಪೆಯಡಿ ಸೇರಿಕೊಂಡಿರುತ್ತದೆ. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಕಾಲು ನೆನೆಸಿ, ಒರೆಸಿ, ಎರಡು-ಮೂರು ದಿನಕ್ಕೊಮ್ಮೆ ವ್ಯಾಸಲೀನ್ ಹಚ್ಚುತ್ತಿದ್ದರೆ ಅದು ಉಸಿರುಗಟ್ಟಿ ಸಾಯುತ್ತದೆ. ಇದಕ್ಕೆ ಕೆಲವು ವಾರಗಳ ತಾಳ್ಮೆ ಬೇಕು. ಹಿಂಭಾಗದ ಗರಿಗಳ ಬುಡದಲ್ಲಿ ಬಿಳಿ ಮೊಟ್ಟೆಗಳ ಗೊಂಚಲಿದ್ದರೆ ಅದು ಹೇನು. ಮೊಟ್ಟೆಯೊಡೆದು ಹೊಸ ಹೇನು ಬರುವುದರಿಂದ ಒಂದು ಸಲದ ಔಷಧಿ ಸಾಲದು. ಜುಟ್ಟು ಬಿಳಿಚಿಕೊಂಡು, ಕೋಳಿ ರಾತ್ರಿ ಗೂಡಿಗೆ ಹೋಗಲು ಹಿಂಜರಿದರೆ ಗೂಡಿನ ಬಿರುಕುಗಳನ್ನು ರಾತ್ರಿ ಟಾರ್ಚ್ ಹಾಕಿ ನೋಡಬೇಕು. ರಕ್ತ ಹೀರುವ ಕೆಂಪು ನುಸಿ ಹಗಲು ಅಲ್ಲಿಯೇ ಅಡಗಿರುತ್ತದೆ. ಆಗ ಕೋಳಿಗೆ ಮದ್ದು ಹಾಕಿ ಗೂಡನ್ನು ಬಿಟ್ಟರೆ ಪ್ರಯೋಜನವಿಲ್ಲ. ವರ್ಷಕ್ಕೊಮ್ಮೆ ಹಳೆ ಗರಿ ಉದುರಿ ಹೊಸತು ಬರುವುದು ಮಾತ್ರ ರೋಗವಲ್ಲ.

ಇವುಗಳಲ್ಲಿ ಹೇನು-ನುಸಿಗಳನ್ನು ಮನೆಯವರು, ಅಗತ್ಯವಿದ್ದರೆ ವೈದ್ಯರ ಸಲಹೆ ಪಡೆದು, ನಿಭಾಯಿಸಬಹುದು. ಸಿಡುಬಿಗೆ ಮುಂಚಿತವಾಗಿ ಲಸಿಕೆ ಹಾಕಿಸುವುದೊಂದೇ ದಾರಿ. ಸಾಮಾನ್ಯವಾಗಿ 6ರಿಂದ 8 ವಾರದ ಮರಿಯ ರೆಕ್ಕೆಯ ತೆಳು ಚರ್ಮಕ್ಕೆ ಇದನ್ನು ಚುಚ್ಚುತ್ತಾರೆ. ತೊಡಕು ಇರುವುದು ಇಲ್ಲಿಯೇ. ಒಂದು ಬಾಟಲಿಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಕೋಳಿ ಸಾಕಿದ ಅಜ್ಜಿಗಾಗಿ ಬಾಟಲಿ ಒಡೆಯುವವರು ಯಾರು? ಹತ್ತಾರು ಮನೆಗಳು ಒಂದಾದರೆ ಮಾತ್ರ ಇದು ಸಾಧ್ಯ.

ಜನರನ್ನು ಒಂದುಗೂಡಿಸುವ ಕೆಲಸ ಸಂಘಗಳಿಗೆ ಹೊಸತಲ್ಲ. ಊರಿನ ಪಶು ಆಸ್ಪತ್ರೆಯವರೊಡನೆ ಮೊದಲೇ ಮಾತನಾಡಿ, ಮೇ ತಿಂಗಳಲ್ಲಿ, ಮಳೆ ಹಾಗೂ ಸೊಳ್ಳೆ ಕಾಟ ಆರಂಭವಾಗುವ ಮುನ್ನ, ಒಂದು ಮುಂಜಾನೆ ಲಸಿಕೆ ಶಿಬಿರ ಏರ್ಪಡಿಸಬಹುದು. ಐಸ್ ಪೆಟ್ಟಿಗೆ, ವಾಹನ, ನಾಲ್ವರು ಯುವಕರು, ಮನೆ ಮನೆಗೆ ಮುಂಚಿತ ಸೂಚನೆ ಇಷ್ಟಿದ್ದರೆ ಸಾಕು. ಚುಚ್ಚಿದ ಜಾಗದಲ್ಲಿ 7ರಿಂದ 10 ದಿನಗಳಲ್ಲಿ ಸಣ್ಣ ಗಂಟು ಎದ್ದಿದೆಯೇ ಎಂದು ನೋಡುವ ಹೊಣೆಯನ್ನೂ ಯಾರಾದರೂ ಹೊರಬೇಕು. ಗಂಟು ಕಾಣದಿದ್ದರೆ ಲಸಿಕೆ ಹಿಡಿದಿಲ್ಲವೆಂದೇ ಅರ್ಥ.

ಕೋಳಿಯ ಬೆಲೆಗಿಂತ ಖರ್ಚೇ ಹೆಚ್ಚೆಂದು ಕೆಲವರು ಆಕ್ಷೇಪಿಸಬಹುದು. ಒಂದು ಕೋಳಿಯ ಲೆಕ್ಕದಲ್ಲಿ ಅದು ನಿಜ, ಇಡೀ ಗ್ರಾಮದ ಲೆಕ್ಕದಲ್ಲಿ ಅಲ್ಲ. ಮಗ ಕಳುಹಿಸುವ ಹಣಕ್ಕೆ ಕಾಯದೆ, ಮೊಟ್ಟೆ ಮಾರಿ ಬಂದ ನಾಲ್ಕು ಕಾಸಿನಲ್ಲಿ ತನ್ನ ಮಾತ್ರೆ ತಾನೇ ಕೊಳ್ಳುವ ತಾಯಿಯ ಸ್ವಾಭಿಮಾನಕ್ಕೆ ಬೆಲೆ ಕಟ್ಟಲಾಗದು. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಪದಾಧಿಕಾರಿಗಳು ಈ ವಿಷಯಕ್ಕೂ ಸ್ಥಾನ ನೀಡಲಿ.